ಎದುರಿಗೆ ಮನುಷ್ಯರು, ಕೈಯಲ್ಲಿ ಫೋನು: ಜಗಳ ತಪ್ಪಿಸುವ ಸೆಟ್ಟಿಂಗ್‌ಗಳು

ಮಾತಾಡುತ್ತಿರುವವರ ಮುಖ ನೋಡದೆ ಫೋನ್ ನೋಡುತ್ತ ಹೂಂಗುಟ್ಟುವುದು ಇವತ್ತು ಬಹುತೇಕ ಮನೆಗಳಲ್ಲಿ ಮುನಿಸಿಗೆ ಕಾರಣ. ಈ ಚಾಳಿಗೆ 2012ರಲ್ಲಿ ಆಸ್ಟ್ರೇಲಿಯಾದಲ್ಲಿ ‘ಫಬ್ಬಿಂಗ್’ ಎಂಬ ಪದವನ್ನೇ ಹುಟ್ಟಿಸಿದರು. ಹೆಸರು ಬಂತು, ಚಾಳಿ ಹೋಗಲಿಲ್ಲ. ‘ಇನ್ನು ಮುಂದೆ ನೋಡುವುದಿಲ್ಲ’ ಎಂಬ ಶಪಥವೂ ಎರಡು ದಿನದ ಮೇಲೆ ನಿಲ್ಲುವುದು ಕಷ್ಟ, ಏಕೆಂದರೆ ಗಳಿಗೆಗೊಮ್ಮೆ ಕರೆಯುವುದು ಫೋನೇ. ಆದ್ದರಿಂದ ಮೊದಲು ಫೋನನ್ನು ತಿದ್ದಬೇಕು. ಎಲ್ಲ ಸೇರಿ ಸುಮಾರು ಒಂದು ಗಂಟೆಯ ಕೆಲಸ.

ಮೊದಲು ಲೆಕ್ಕ

ಆಂಡ್ರಾಯ್ಡ್‌ನಲ್ಲಿ ಸೆಟ್ಟಿಂಗ್ಸ್ ಒಳಗೆ ‘ಡಿಜಿಟಲ್ ವೆಲ್‌ಬೀಯಿಂಗ್’, ಐಫೋನ್‌ನಲ್ಲಿ ‘ಸ್ಕ್ರೀನ್ ಟೈಮ್’ ತೆರೆಯಿರಿ. ಎಷ್ಟು ಗಂಟೆ ನೋಡಿದಿರಿ ಎಂಬ ಅಂಕಿಗೆ ತಲೆ ಕೆಡಿಸಿಕೊಳ್ಳಬೇಡಿ. ಎರಡು ಗಂಟೆ ದಾರಿ ಹುಡುಕಲು ಮ್ಯಾಪ್ ನೋಡಿದ್ದರಿಂದ ಯಾರಿಗೂ ಬೇಜಾರಾಗುವುದಿಲ್ಲ. ನೋಡಬೇಕಾದ್ದು ಎರಡು: ದಿನಕ್ಕೆ ಎಷ್ಟು ಸಲ ಫೋನ್ ಕೈಗೆತ್ತಿಕೊಂಡಿರಿ, ಯಾವ ಆ್ಯಪ್ ಎಷ್ಟು ನೋಟಿಫಿಕೇಶನ್ ಕಳಿಸಿತು. ಫೋನ್ ಎತ್ತಿದ ಕೂಡಲೇ ಮೊದಲು ತೆರೆದ ಆ್ಯಪ್ ಯಾವುದೆಂದೂ ಐಫೋನ್ ತೋರಿಸುತ್ತದೆ. ಕೈ ಎಳೆಯುತ್ತಿರುವುದು ಅದೇ. ಈ ಅಂಕಿಗಳನ್ನು ಬರೆದಿಡಿ, ಎರಡು ವಾರದ ನಂತರ ಹೋಲಿಸಲು ಬೇಕಾಗುತ್ತವೆ.

ಸೈಲೆಂಟ್ ಮಾಡಿದರೆ ಸಾಲದು

ಎಲ್ಲರೂ ಮಾಡುವ ಮೊದಲ ತಪ್ಪು ಇದು. ಫೋನನ್ನು ಪೂರ್ತಿ ಸೈಲೆಂಟ್ ಮಾಡುತ್ತಾರೆ. ಮುಖ್ಯ ಕರೆ ತಪ್ಪೀತು ಎಂಬ ಅಳುಕಿನಲ್ಲಿ ಐದು ನಿಮಿಷಕ್ಕೊಮ್ಮೆ ತಾವೇ ಎತ್ತಿ ನೋಡುತ್ತಾರೆ. ಮೊದಲಿಗಿಂತ ಹೆಚ್ಚೇ ನೋಡಿದಂತಾಯಿತು. ಬೇಕಾದ್ದು ಮೌನವಲ್ಲ, ಯಾವುದು ಸದ್ದು ಮಾಡಬಹುದು ಎಂಬ ವಿಂಗಡಣೆ.

ನೋಟಿಫಿಕೇಶನ್‌ಗಳನ್ನು ಮೂರು ಗುಂಪು ಮಾಡಿ. ಕರೆ ಮತ್ತು ಒಬ್ಬೊಬ್ಬರೇ ಕಳಿಸುವ ಸಂದೇಶಕ್ಕೆ ಸದ್ದು ಇರಲಿ. ವಾಟ್ಸ್ಆ್ಯಪ್ ಗ್ರೂಪ್‌ಗಳನ್ನು ಮ್ಯೂಟ್ ಮಾಡಿ. ಎಂಟು ಗಂಟೆ, ಒಂದು ವಾರ, ಯಾವಾಗಲೂ ಎಂಬ ಮೂರು ಆಯ್ಕೆಗಳಲ್ಲಿ ಕೊನೆಯದನ್ನೇ ಒತ್ತಿ, ಎಂಟು ಗಂಟೆಯದು ಮರುದಿನ ಮತ್ತೆ ಬೊಬ್ಬೆ ಹಾಕುತ್ತದೆ. ಮ್ಯೂಟ್ ಆಗಿರುವುದು ಗ್ರೂಪಿನವರಿಗೆ ಗೊತ್ತಾಗುವುದಿಲ್ಲ, ಸಂಕೋಚ ಬೇಡ. ಖರೀದಿ, ಸುದ್ದಿ, ಆಟ, ವಿಡಿಯೊ ಆ್ಯಪ್‌ಗಳದ್ದನ್ನು ಪೂರ್ತಿ ಆಫ್ ಮಾಡಿ. ಆಂಡ್ರಾಯ್ಡ್‌ನಲ್ಲಿ ಬಂದ ನೋಟಿಫಿಕೇಶನ್ ಮೇಲೆ ಬೆರಳು ಒತ್ತಿ ಹಿಡಿದರೆ, ಐಫೋನ್‌ನಲ್ಲಿ ಎಡಕ್ಕೆ ಸರಿಸಿ ‘ಆಪ್ಷನ್ಸ್’ ಒತ್ತಿದರೆ ಅಲ್ಲೇ ಆಫ್ ಮಾಡಬಹುದು. ಬಂದದ್ದನ್ನು ಬಂದಾಗಲೇ ಹೀಗೆ ಕತ್ತರಿಸುತ್ತ ಹೋದರೆ ಮೂರ್ನಾಲ್ಕು ದಿನದಲ್ಲಿ ಬಹುಪಾಲು ಸದ್ದು ಅಡಗುತ್ತದೆ.

ಊಟದ ಹೊತ್ತಿಗೆ, ಮಲಗುವ ಹೊತ್ತಿಗೆ ಕರೆ, ನೋಟಿಫಿಕೇಶನ್‌ಗಳ ಸದ್ದು ತಡೆಯುವ ‘ಡು ನಾಟ್ ಡಿಸ್ಟರ್ಬ್’ ತಾನಾಗಿ ಶುರುವಾಗುವಂತೆ ಸಮಯ ನಿಗದಿ ಮಾಡಿ. ಐಫೋನ್‌ನಲ್ಲಿ ಇದು ‘ಫೋಕಸ್’ ಅಡಿಯಲ್ಲಿದೆ. ಮನೆಯವರ ನಂಬರ್‌ಗಳಿಗೆ ವಿನಾಯಿತಿ ಕೊಟ್ಟು, ಮರುಕರೆಯ ಆಯ್ಕೆಯನ್ನೂ ಆನ್ ಮಾಡಿ: ಒಂದೇ ನಂಬರ್‌ನಿಂದ ಎರಡನೇ ಕರೆ ಐಫೋನ್‌ನಲ್ಲಿ 3 ನಿಮಿಷದೊಳಗೆ, ಆಂಡ್ರಾಯ್ಡ್‌ನಲ್ಲಿ 15 ನಿಮಿಷದೊಳಗೆ ಬಂದರೆ ಗಂಟೆ ಬಾರಿಸುತ್ತದೆ. ‘ತುರ್ತಿದ್ದರೆ ಬೆನ್ನುಬೆನ್ನಿಗೆ ಎರಡು ಸಲ ಕರೆ ಮಾಡಿ’ ಎಂದು ಹತ್ತಿರದವರಿಗೆ ಹೇಳಿಡಿ. ಒಮ್ಮೆ ಪರೀಕ್ಷಿಸಿಯೂ ನೋಡಿ, ಸಾಮಾನ್ಯ ಕರೆ ಬೇರೆ, ವಾಟ್ಸ್ಆ್ಯಪ್ ಕರೆ ಬೇರೆ ಮಾಡಿಸಿ. ಎರಡೂ ಒಂದೇ ರೀತಿ ದಾಟಿ ಬರುತ್ತವೆ ಎಂದು ಭಾವಿಸಬೇಡಿ.

ಸ್ಮಾರ್ಟ್‌ವಾಚ್ ಮರೆಯುವವರು ಹಲವರು. ಫೋನ್ ಸುಮ್ಮನಿದ್ದರೂ ಮಣಿಕಟ್ಟು ನಡುಗುತ್ತಿದ್ದರೆ ಏನು ಬಂತು? ಫೋನ್‌ಗಿಂತ ವಾಚ್ ನೋಡುವುದೇ ಹೆಚ್ಚು ಚುಚ್ಚುತ್ತದೆ, ಏಕೆಂದರೆ ಸ್ಮಾರ್ಟ್‌ವಾಚ್ ಬರುವುದಕ್ಕೆ ಮೊದಲಿನಿಂದಲೂ ಗಡಿಯಾರ ನೋಡುವುದೆಂದರೆ ‘ನೀನಿನ್ನು ಹೊರಡು’ ಎಂದೇ ಅರ್ಥ. ವಾಚ್ ಕೂಡ ಫೋನಿನ ಡು ನಾಟ್ ಡಿಸ್ಟರ್ಬ್ ಪಾಲಿಸುವಂತೆ ಅದರ ಆ್ಯಪ್‌ನಲ್ಲಿ ಜೋಡಿಸಿ.

ಮಲಗುವ ಕೋಣೆ

ಚಾರ್ಜರ್ ಎಲ್ಲಿದೆಯೋ ಫೋನ್ ಅಲ್ಲಿರುತ್ತದೆ. ಹಾಸಿಗೆ ಪಕ್ಕದ ಚಾರ್ಜರ್ ತೆಗೆದು ಹೊರಗಿನ ಕೋಣೆಯಲ್ಲಿಡಿ. ‘ಅಲಾರಂಗೆ ಬೇಕಲ್ಲ’ ಎಂಬ ನೆಪ ಮರುಕ್ಷಣವೇ ಬರುತ್ತದೆ, ಆದ್ದರಿಂದ ಸೆಲ್ ಹಾಕುವ ಸಾದಾ ಅಲಾರಂ ಗಡಿಯಾರವನ್ನು ಮೊದಲೇ ತಂದಿಡಿ. ರಾತ್ರಿ ತುರ್ತು ಕರೆ ಬರಬಹುದಾದವರು ರಿಂಗ್ ಜೋರಾಗಿಟ್ಟು ಬಾಗಿಲು ತೆರೆದಿಡಲಿ. ಪವರ್ ಬ್ಯಾಂಕ್ ಕೂಡ ಹೊರಗೇ ಇರಲಿ, ಅದು ಕಳ್ಳದಾರಿ.

ನೀಲಿ ಗೆರೆಯ ಜಗಳ

‘ನೋಡಿಯೂ ಉತ್ತರ ಕೊಟ್ಟಿಲ್ಲ’ ಎಂಬ ಆರೋಪದಲ್ಲಿ ಅರ್ಧ ತಪ್ಪು ಗುರುತುಗಳನ್ನು ತಪ್ಪಾಗಿ ಓದುವುದರಲ್ಲಿದೆ. ವಾಟ್ಸ್ಆ್ಯಪ್‌ನಲ್ಲಿ ಒಂದು ಟಿಕ್ ಇದ್ದರೆ ಸಂದೇಶ ನಿಮ್ಮಿಂದ ಹೊರಟಿದೆ, ಅವರನ್ನು ಮುಟ್ಟಿಲ್ಲ. ಅವರ ಇಂಟರ್ನೆಟ್ ಆಫ್ ಆಗಿರಬಹುದು, ಬ್ಯಾಟರಿ ಮುಗಿದಿರಬಹುದು. ಬ್ಲಾಕ್ ಮಾಡಿದ್ದರೂ ಒಂದೇ ಟಿಕ್, ಆದರೆ ಒಂದು ಟಿಕ್ ಕಂಡಾಕ್ಷಣ ಬ್ಲಾಕ್ ಎಂದು ತೀರ್ಮಾನಿಸುವಂತಿಲ್ಲ. ಎರಡು ಟಿಕ್ ಎಂದರೆ ಫೋನ್ ಮುಟ್ಟಿದೆ. ಎರಡೂ ನೀಲಿಯಾದರೆ ಚಾಟ್ ತೆರೆದಿದ್ದಾರೆ, ಅಷ್ಟೇ. ತೆರೆದವರು ಗಾಡಿ ನಿಲ್ಲಿಸಿ ಒಂದು ಕ್ಷಣ ನೋಡಿ ಮತ್ತೆ ಹೊರಟಿರಬಹುದು. ‘ಆನ್‌ಲೈನ್’ ಎಂದು ಕಂಡರೂ ವಾಟ್ಸ್ಆ್ಯಪ್ ತೆರೆದಿದೆ ಎಂದಷ್ಟೇ ಅರ್ಥ, ನಿಮ್ಮ ಚಾಟ್ ಓದುತ್ತಿದ್ದಾರೆಂದಲ್ಲ. ಗ್ರೂಪಿನಲ್ಲಾದರೆ ಎಲ್ಲ ಸದಸ್ಯರೂ ತೆರೆದ ಮೇಲಷ್ಟೇ ನೀಲಿ.

ಸೆಟ್ಟಿಂಗ್ಸ್, ಪ್ರೈವಸಿ, ರೀಡ್ ರಿಸೀಟ್ಸ್ ಇಲ್ಲಿ ನೀಲಿ ಗುರುತನ್ನು ಆಫ್ ಮಾಡಬಹುದು. ಇದು ಎರಡಂಚಿನ ಕತ್ತಿ: ಬೇರೆಯವರ ನೀಲಿ ಗುರುತೂ ನಿಮಗೆ ಕಾಣುವುದಿಲ್ಲ. ಗ್ರೂಪ್‌ಗೂ ವಾಯ್ಸ್ ಮೆಸೇಜ್‌ಗೂ ಇದು ಅನ್ವಯಿಸುವುದಿಲ್ಲ, ಅಲ್ಲಿ ನೀವು ಕೇಳಿದ್ದು ಗೊತ್ತಾಗಿಯೇ ಆಗುತ್ತದೆ. ‘ಲಾಸ್ಟ್ ಸೀನ್’ ಬಚ್ಚಿಟ್ಟರೆ ಬೇರೆಯವರದ್ದೂ ನಿಮಗೆ ಮರೆ. ಇಬ್ಬರೂ ಮಾತಾಡಿಕೊಂಡು ಒಟ್ಟಿಗೆ ಆಫ್ ಮಾಡುವುದೇ ಲೇಸು. ಒಬ್ಬರೇ ಸದ್ದಿಲ್ಲದೆ ಮಾಡಿದರೆ ‘ಏನು ಮುಚ್ಚಿಡುತ್ತಿದ್ದೀಯ?’ ಎಂಬ ಹೊಸ ಜಗಳ ಹುಟ್ಟುತ್ತದೆ. ಜತೆಗೆ ಒಂದು ಒಪ್ಪಂದವಿರಲಿ: ತಕ್ಷಣ ಉತ್ತರ ಬೇಕಿದ್ದರೆ ಕರೆ, ಸಂಜೆಯೊಳಗೆ ಸಾಕಿದ್ದರೆ ಸಂದೇಶ.

ಬರಹದಲ್ಲಿ ದನಿ ಇರುವುದಿಲ್ಲ. ಬರಿಯ ‘ಸರಿ’ ಎಂಬುದು ಒಪ್ಪಿಗೆಯೂ ಆಗಬಹುದು, ಮುನಿಸೂ ಆಗಬಹುದು. ಮೂರನೇ ಸಂದೇಶಕ್ಕೂ ಬಿಸಿ ಇಳಿಯದಿದ್ದರೆ ಟೈಪ್ ಮಾಡುವುದು ನಿಲ್ಲಿಸಿ ಕರೆ ಮಾಡಿ. ಕಳಿಸಿದ್ದನ್ನು 15 ನಿಮಿಷದೊಳಗೆ ತಿದ್ದಬಹುದು, ತಿದ್ದಿದ ಗುರುತು ಉಳಿಯುತ್ತದೆ. ಅಳಿಸಿದರೆ ‘ಈ ಸಂದೇಶ ಅಳಿಸಲಾಗಿದೆ’ ಎಂಬ ಸಾಲು ಉಳಿದು, ಅಳಿಸಿದ್ದಕ್ಕಿಂತ ಹೆಚ್ಚು ಕುತೂಹಲ ಕೆರಳಿಸುತ್ತದೆ. ತಿದ್ದುವುದೇ ವಾಸಿ.

ಲೊಕೇಶನ್, ಪಾಸ್‌ವರ್ಡ್

ರಾತ್ರಿ ಪ್ರಯಾಣದಂಥ ಹೊತ್ತಿಗೆ ಲೊಕೇಶನ್ ಹಂಚಿಕೊಳ್ಳುವುದು ಒಳ್ಳೆಯದೇ. ಆದರೆ ಕೆಲಸಕ್ಕೆ ತಕ್ಕ ಅವಧಿ ಕೊಡಿ. ವಾಟ್ಸ್ಆ್ಯಪ್‌ನ ಲೈವ್ ಲೊಕೇಶನ್ 15 ನಿಮಿಷ, 1 ಗಂಟೆ, 8 ಗಂಟೆಯ ಲೆಕ್ಕದಲ್ಲಿ ತಾನಾಗಿ ನಿಲ್ಲುತ್ತದೆ. ಗೂಗಲ್ ಮ್ಯಾಪ್ಸ್‌ನಲ್ಲಿ ‘ನಾನು ನಿಲ್ಲಿಸುವವರೆಗೆ’ ಎಂಬ ಆಯ್ಕೆ ಇದೆ. ಅದನ್ನು ಒತ್ತಿ ಮರೆತವರು ವರ್ಷಗಟ್ಟಲೆ ಕಾಣಿಸುತ್ತಲೇ ಇರುತ್ತಾರೆ. ಜಿಪಿಎಸ್ ಚುಕ್ಕಿ ಪಕ್ಕದ ಬೀದಿಗೆ ಜಾರುವುದು, ನೆಟ್‌ವರ್ಕ್ ಇಲ್ಲದೆಡೆ ಹಳೆಯ ಜಾಗದಲ್ಲೇ ನಿಲ್ಲುವುದು ಮಾಮೂಲು. ಚುಕ್ಕಿಯನ್ನು ಸಾಕ್ಷಿ ಮಾಡಿಕೊಂಡು ವಿಚಾರಣೆಗೆ ಕೂರಬೇಡಿ.

ಪಾಸ್‌ವರ್ಡ್ ಕೊಡುವುದು ನಂಬಿಕೆಯ ಅಳತೆಗೋಲಲ್ಲ. ಫೋನ್ ತೆರೆಯುವ ಪಿನ್ ತುರ್ತಿಗೆ ಮನೆಯವರಿಗೆ ಗೊತ್ತಿರಲಿ. ಇಮೇಲ್ ಮತ್ತು ಬ್ಯಾಂಕಿನದ್ದು ಬೇರೆಯೇ ಇರಲಿ. ಆಗಾಗ ವಾಟ್ಸ್ಆ್ಯಪ್‌ನ ‘ಲಿಂಕ್ಡ್ ಡಿವೈಸಸ್’ ನೋಡಿ. ಗುರುತಿಲ್ಲದ ಕಂಪ್ಯೂಟರ್ ಅಲ್ಲಿದ್ದರೆ ಲಾಗ್ ಔಟ್ ಮಾಡಿ. ಗೂಗಲ್ ಖಾತೆಯ ‘ಸೆಕ್ಯುರಿಟಿ’ ಭಾಗದಲ್ಲೂ ಸಾಧನಗಳ ಪಟ್ಟಿ ಇರುತ್ತದೆ. 2022ರಲ್ಲಿ ಬಂದ ಐಒಎಸ್ 16ರಿಂದೀಚೆಗೆ ಐಫೋನ್‌ನಲ್ಲಿ ‘ಸೇಫ್ಟಿ ಚೆಕ್’ ಇದೆ, ಯಾರೊಂದಿಗೆ ಏನೇನು ಹಂಚಿದ್ದೀರಿ ಎಂಬುದನ್ನು ಒಂದೇ ಕಡೆ ತೋರಿಸಿ ನಿಲ್ಲಿಸಲು ಬಿಡುತ್ತದೆ.

ಒಂದು ಎಚ್ಚರಿಕೆ. ಸಂಗಾತಿ ಬೆದರಿಸುವ, ಕೈ ಮಾಡುವ ಸ್ವಭಾವದವರಾಗಿದ್ದರೆ ಲೊಕೇಶನ್ ಹಠಾತ್ತನೆ ನಿಲ್ಲಿಸಬೇಡಿ. ನಿಲ್ಲಿಸಿದ್ದು ಅವರಿಗೆ ಗೊತ್ತಾಗಬಹುದು, ಅಪಾಯ ಹೆಚ್ಚಬಹುದು. ಅವರ ಕೈಗೆ ಸಿಗದ ಬೇರೊಂದು ಫೋನ್‌ನಿಂದ ನಂಬಿಕಸ್ಥರನ್ನೋ ಸಹಾಯವಾಣಿಯನ್ನೋ ಸಂಪರ್ಕಿಸಿ, ಹೊರಡುವ ದಾರಿ ಸಿದ್ಧವಾದ ಮೇಲೆ ಸೆಟ್ಟಿಂಗ್ ಮುಟ್ಟಿ.

ಎರಡು ವಾರದ ನಂತರ

ಬರೆದಿಟ್ಟ ಅಂಕಿಗಳನ್ನು ತೆಗೆಯಿರಿ. ನೋಟಿಫಿಕೇಶನ್ ಇಳಿದಿದ್ದು ಎತ್ತುವ ಸಲ ಮಾತ್ರ ಹಾಗೇ ಇದ್ದರೆ ಅದು ಫೋನ್ ಕರೆದದ್ದಲ್ಲ, ಕೈಯ ಅಭ್ಯಾಸ; ಎತ್ತಿದ ಕೂಡಲೇ ತೆರೆಯುವ ಆ್ಯಪ್‌ನ ಐಕಾನನ್ನು ಮುಖಪುಟದಿಂದ ತೆಗೆಯಿರಿ, ಸಂಜೆಯಿಂದ ತೆರೆಯನ್ನು ಕಪ್ಪುಬಿಳುಪು ಮಾಡಿ. ಆಂಡ್ರಾಯ್ಡ್‌ನ ‘ಬೆಡ್‌ಟೈಮ್ ಮೋಡ್’ ಇದನ್ನು ಸಮಯಕ್ಕೆ ಸರಿಯಾಗಿ ತಾನೇ ಮಾಡುತ್ತದೆ. ಐಫೋನ್‌ನಲ್ಲಿ ‘ಆ್ಯಕ್ಸೆಸಿಬಿಲಿಟಿ’ಯೊಳಗಿನ ‘ಕಲರ್ ಫಿಲ್ಟರ್ಸ್’ ನೋಡಿ. ಹೊಸ ಆ್ಯಪ್ ಹಾಕಿದಾಗ ನೋಟಿಫಿಕೇಶನ್‌ಗೆ ಅನುಮತಿ ಕೇಳುವ ಪೆಟ್ಟಿಗೆ ಬರುತ್ತದೆ. ಐಫೋನ್‌ನಲ್ಲಿ ಮೊದಲಿನಿಂದ, ಆಂಡ್ರಾಯ್ಡ್‌ನಲ್ಲಿ 13ನೇ ಆವೃತ್ತಿಯಿಂದ. ಅಲ್ಲಿ ‘ಬೇಡ’ ಒತ್ತಿ. ನಿಜಕ್ಕೂ ಬೇಕೆನಿಸಿದರೆ ಆಮೇಲೆ ಆನ್ ಮಾಡಲು ಅರ್ಧ ನಿಮಿಷ ಸಾಕು.