ಕಾಫಿಯ ತಳಿ ವೈವಿಧ್ಯವನ್ನು ತೋಟದಲ್ಲೇ ಉಳಿಸಿಕೊಳ್ಳುವ ಕ್ರಮ

ಎಲೆತುಕ್ಕು ರೋಗ, ಕಾಂಡಕೊರಕ, ಏರುತ್ತಿರುವ ತಾಪಮಾನ ಇವೆಲ್ಲ ಅರೇಬಿಕಾ ಜಾತಿಯ ಕಾಫಿಯನ್ನು ಇಷ್ಟೊಂದು ಕಾಡುವುದಕ್ಕೆ ಅದರ ವಂಶವಾಹಿಗಳಲ್ಲಿ ವೈವಿಧ್ಯ ಕಡಿಮೆಯಿರುವುದೂ ಒಂದು ಕಾರಣ. 1920ರ ದಶಕದಲ್ಲಿ ಆಗ್ನೇಯ ಏಷ್ಯಾದ ಟಿಮೋರ್ ದ್ವೀಪದಲ್ಲಿ ಅರೇಬಿಕಾ ಮತ್ತು ಕಾಫಿಯ ಇನ್ನೊಂದು ಜಾತಿಯಾದ ರೊಬಸ್ಟಾಗಳ ಸಹಜ ಸಂಕರದಿಂದ ಹುಟ್ಟಿದ ಗಿಡ ಸಿಕ್ಕಿದ್ದರಿಂದಲೇ ಅನೇಕ ತುಕ್ಕುನಿರೋಧಕ ತಳಿಗಳು ಸಾಧ್ಯವಾದವು. ಆದ್ದರಿಂದ ಹಳೆಯ ಗಿಡಗಳನ್ನು ಕಿತ್ತು ತೋಟವನ್ನೆಲ್ಲ ಒಂದೇ ತಳಿಯಿಂದ ತುಂಬಿಸುವ ಮುನ್ನ ಯೋಚಿಸಬೇಕು.

ಎಲೆತುಕ್ಕು ಉಲ್ಬಣಿಸಿರುವಾಗಲೇ ತೋಟ ಸುತ್ತಿ, ಎಲೆಯ ಅಡಿಭಾಗವನ್ನು ಮಗುಚಿ ನೋಡಿ. ಸುತ್ತಲಿನ ಗಿಡಗಳಲ್ಲಿ ತುಕ್ಕಿನ ಕಿತ್ತಳೆ ಬಣ್ಣದ ಪುಡಿ ಮೆತ್ತಿಕೊಂಡಿದ್ದರೂ ಎಲೆ ಉದುರಿಸದೆ ನಿಂತ ಗಿಡಕ್ಕೆ ಗುರುತಿನ ಪಟ್ಟಿ ಕಟ್ಟಿ, ಅದರ ಮೂಲ, ಇಳುವರಿಗಳನ್ನು ಬರೆದಿಡಿ. ಕಾಫಿ ಬೀಜವು ಭತ್ತದಂತೆ ಒಣಗಿಸಿ ವರ್ಷಗಟ್ಟಲೆ ಶೇಖರಿಸಿಡುವಂಥದ್ದಲ್ಲ. ಕೆಲವೇ ತಿಂಗಳಲ್ಲಿ ಮೊಳಕೆಯ ಶಕ್ತಿ ಕುಂದುವುದರಿಂದ ಜೀವಂತ ಗಿಡವೇ ಅದರ ಭಂಡಾರ. ಅರೇಬಿಕಾ ಬಹುಮಟ್ಟಿಗೆ ಸ್ವಕೀಯ ಪರಾಗಸ್ಪರ್ಶದ ಬೆಳೆಯಾದ್ದರಿಂದ ಬೀಜದಿಂದಲೇ ಬೆಳೆಸಬಹುದು. ರೊಬಸ್ಟಾ ಹಾಗಲ್ಲ, ತಾಯಿಗಿಡದ ಗುಣ ಹಾಗೆಯೇ ಉಳಿಯಬೇಕಾದರೆ ಕಡ್ಡಿ ನೆಡಬೇಕು ಅಥವಾ ಕಸಿ ಕಟ್ಟಬೇಕು. ಕಡ್ಡಿಯನ್ನು ನೆಟ್ಟಗೆ ಮೇಲೇಳುವ ಕಂಬಚಿಗುರಿನಿಂದಲೇ ತೆಗೆಯಿರಿ, ಏಕೆಂದರೆ ಅಡ್ಡರೆಂಬೆಯ ಕಡ್ಡಿ ಬೇರು ಬಿಟ್ಟರೂ ಅಡ್ಡಡ್ಡವಾಗಿಯೇ ಹರಡುತ್ತದೆ. ಪ್ರತಿ ತಳಿಯ ಕೆಲವು ಗಿಡಗಳನ್ನು ದೂರದ ಮತ್ತೊಂದು ತೋಟದಲ್ಲಿಯೂ ಬೆಳೆಸಿ.