ಬಲೆ ಬದಲಿಸಿ, ತೋಪು ಏರಿಸಿ: ಮರದ ಮೀನುದೋಣಿಯನ್ನು ಕಾವಲು ಹಡಗಾಗಿಸುವ ಬಗೆ

ಅರ್ಧಕ್ಕೆ ನಿಂತ ಮರದ ಮಾದರಿ ಹಡಗಿನ ಕಿಟ್ ನಿಮ್ಮ ಮನೆಯ ಅಟ್ಟದ ಮೇಲಿದೆಯೇ? ಅದು ಉತ್ತರ ಸಮುದ್ರದ ಹಳೆಯ ಮೀನುದೋಣಿಯಾಗಿದ್ದರೆ, ಒಂದು ಹೊಗೆಕೊಳವೆ, ಒಂದು ಪುಟ್ಟ ಚುಕ್ಕಾಣಿ ಕೋಣೆ, ಮುಂದೊಂದು ಹಿಂದೊಂದು ಕಂಬ ಇದ್ದರೆ, ಇಂದೇ ಕೆಳಗಿಳಿಸಿ. ಅದಕ್ಕೆ ‘ಡ್ರಿಫ್ಟರ್’ ಎಂದು ಹೆಸರು. ಸಂಜೆ ಉದ್ದನೆಯ ಬಲೆ ಬಿಟ್ಟು, ಗಾಳಿಗೂ ಅಲೆಗೂ ತನ್ನನ್ನು ಒಪ್ಪಿಸಿ ತೇಲುತ್ತಾ ಹೆರಿಂಗ್ ಮೀನು ಹಿಡಿಯುತ್ತಿದ್ದ ದೋಣಿ ಅದು. ಎಂಟು ಹತ್ತು ಭಾನುವಾರ ಕೈಯಲ್ಲಿದ್ದರೆ ಅದನ್ನು ಮೊದಲ ಮಹಾಯುದ್ಧದ ಕಾವಲು ಹಡಗಾಗಿ ಮಾಡಬಹುದು. ಬೇಕಾಗುವ ಸಾಮಾನೆಲ್ಲ ಕಲಬುರಗಿಯಲ್ಲೇ ಸಿಗುತ್ತದೆ. ಕೆಲವಂತೂ ಹೊಲದಲ್ಲೇ ಬಿದ್ದಿರುತ್ತವೆ.

ಚಾಕು ಹಿಡಿಯುವ ಮುನ್ನ ಈ ಹಡಗುಗಳ ಕಥೆ ಗೊತ್ತಿರಬೇಕು. ಏನನ್ನು ಕೀಳಬೇಕು, ಏನನ್ನು ಉಳಿಸಬೇಕು ಎಂಬುದನ್ನು ಆ ಕಥೆಯೇ ಹೇಳುತ್ತದೆ. ಯುದ್ಧ ಶುರುವಾದಾಗ ಬ್ರಿಟಿಷ್ ನೌಕಾಪಡೆ ನೂರಾರು ಮೀನುದೋಣಿಗಳನ್ನು ಅವುಗಳ ಮೀನುಗಾರರ ಸಮೇತ ಸೇವೆಗೆ ತೆಗೆದುಕೊಂಡಿತು. ಜಲಾಂತರ್ಗಾಮಿಗಳನ್ನು ಹಿಡಿಯಲು ಸಮುದ್ರಕ್ಕೆ ಅಡ್ಡಲಾಗಿ ಉಕ್ಕಿನ ತಂತಿಯ ಬಲೆ ಬಿಡಬೇಕಿತ್ತು. ಬಲೆ ಬಿಡುವ ಕೆಲಸ ಮೀನುಗಾರನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಇಟಲಿಯ ಹಿಮ್ಮಡಿಯ ಬಳಿ ಇರುವ ಒಟ್ರಾಂಟೊ ಜಲಸಂಧಿಯಲ್ಲಿ ಇಂಥ ಡ್ರಿಫ್ಟರ್‌ಗಳು ಸಾಲುಗಟ್ಟಿ ಕಾವಲು ಕಾಯುತ್ತಿದ್ದವು. 1917ರ ಮೇ 15ರ ನಸುಕಿನಲ್ಲಿ ಶತ್ರುಪಕ್ಷದ ಆಸ್ಟ್ರಿಯಾ–ಹಂಗೇರಿಯ ಮೂರು ಕ್ರೂಸರ್‌ಗಳು, ಅಂದರೆ ವೇಗದ ಯುದ್ಧನೌಕೆಗಳು, ಆ ಸಾಲಿನ ಮೇಲೆ ಬಿದ್ದವು. ಅಂದು ಕಾವಲಿದ್ದ 47 ಡ್ರಿಫ್ಟರ್‌ಗಳಲ್ಲಿ 14 ಮುಳುಗಿದವು. ‘ಗೋವನ್‌ಲೀ’ ಎಂಬ ಡ್ರಿಫ್ಟರಿನ ನಾಯಕ ಜೋಸೆಫ್ ವಾಟ್‌ಗೆ ನೂರು ಗಜ ದೂರದಿಂದ ಶರಣಾಗಲು ಕೂಗಿ ಹೇಳಲಾಯಿತು. ಆತ ಯಂತ್ರವನ್ನು ಪೂರ್ಣ ವೇಗಕ್ಕೆ ಹಾಕಿಸಿ, ಜೊತೆಗಾರರಿಂದ ಜಯಘೋಷ ಮಾಡಿಸಿ, ಕ್ರೂಸರಿನ ಮೇಲೆ ಗುಂಡು ಹಾರಿಸಿದ. ಒಂದೇ ಒಂದು ಗುಂಡು ಹಾರಿತು. ಮರುಕ್ಷಣದಲ್ಲಿ ಶತ್ರುವಿನ ಹೊಡೆತಕ್ಕೆ ಅವನ ತೋಪೇ ಕೆಟ್ಟಿತು. ಆತನಿಗೆ ಬ್ರಿಟನ್ನಿನ ಅತ್ಯುನ್ನತ ಶೌರ್ಯ ಪದಕವಾದ ವಿಕ್ಟೋರಿಯಾ ಕ್ರಾಸ್ ಸಿಕ್ಕಿತು.

ನಮ್ಮ ಮಾದರಿಯಲ್ಲಿ ಆ ಮೀನುಗಾರ ಕಾಣಬೇಕು. ನಾನು ಮೊದಲ ಸಲ ಮಾಡಿದಾಗ ಡೆಕ್ ಮೇಲಿದ್ದುದನ್ನೆಲ್ಲ ಕಿತ್ತೆಸೆದು, ಇಡೀ ಹಡಗಿಗೆ ಬೂದು ಬಣ್ಣ ಹೊಡೆದು, ತೋಪು ನೆಟ್ಟೆ. ನಮ್ಮ ಓಣಿಯ ಬಡಿಗೇರ ಮಾಮಾ ಅದನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ, ‘ಇದು ಮೀನಿನ ದೋಣಿ ಅಂತ ಹೇಳಿದ್ದಿರಲ್ಲ, ಮೀನು ಹಿಡಿಯುವುದು ಎಲ್ಲಿಂದ?’ ಎಂದು ಕೇಳಿದರು. ಆ ಹಡಗನ್ನು ಪೂರ್ತಿ ಬಿಚ್ಚಿ ಮತ್ತೆ ಕಟ್ಟಿದೆ. ಕೆಳಗೆ ಬರೆದಿರುವುದು ಆ ಎರಡನೇ ಸಲದ ಕ್ರಮ.

ಅಳತೆ

ಕಿಟ್‌ನ ಡಬ್ಬಿ ಕಳೆದಿದ್ದರೆ ಪ್ರಮಾಣ ತಿಳಿಯಲು ಚುಕ್ಕಾಣಿ ಕೋಣೆಯ ಬಾಗಿಲನ್ನು ಅಳೆಯಿರಿ. ಅದು 3.6 ಸೆಂ.ಮೀ. ಎತ್ತರವಿದ್ದರೆ ನಿಮ್ಮ ಮಾದರಿ 1:48ಕ್ಕೆ ಹತ್ತಿರ. ಡ್ರಿಫ್ಟರಿನ ಉದ್ದ ಸಾಮಾನ್ಯವಾಗಿ 86 ಅಡಿಯ ಆಸುಪಾಸು, ಅಂದರೆ 26 ಮೀಟರ್. 1:48ರಲ್ಲಿ 54 ಸೆಂ.ಮೀ. ಆಗುತ್ತದೆ. ಈ ಪ್ರಮಾಣದ ಲೆಕ್ಕ ಸುಲಭ: ನಿಜದ 48 ಸೆಂ.ಮೀ. ಎಂದರೆ ಇಲ್ಲಿ 1 ಸೆಂ.ಮೀ. ಬೇರೆ ಪ್ರಮಾಣವಾದರೆ ನಾನು ಮುಂದೆ ಕೊಡುವ ಅಳತೆಗಳನ್ನು ಅದಕ್ಕೆ ತಕ್ಕಂತೆ ಹಿಗ್ಗಿಸಿ ಅಥವಾ ಕುಗ್ಗಿಸಿ.

ತೋಪಿನ ಅಳತೆಯಲ್ಲೇ ಎಲ್ಲರೂ ಎಡವುತ್ತಾರೆ. ಕಲಬುರಗಿ ಕೋಟೆಯ ಬಾರಾ ಗಜೀ ತೋಪಿನ ಉದ್ದ 29 ಅಡಿ ಎನ್ನುತ್ತಾರೆ. ಅದನ್ನು ನೋಡಿ ಬೆಳೆದ ಕಣ್ಣಿಗೆ ತೋಪೆಂದರೆ ದೊಡ್ಡದೇ ಇರಬೇಕು. ಅದನ್ನೇ 1:48ಕ್ಕೆ ಇಳಿಸಿದರೆ 18 ಸೆಂ.ಮೀ. ಆಗಿ ನಮ್ಮ ಹಡಗಿನ ಮೂರನೇ ಒಂದು ಭಾಗವನ್ನು ನುಂಗುತ್ತದೆ. ಡ್ರಿಫ್ಟರ್ ಹೊತ್ತಿದ್ದುದು ಚಿಕ್ಕ ತೋಪು. 57 ಮಿ.ಮೀ. ಬಾಯಿಯದಾದರೆ ಕೊಳವೆಯ ಉದ್ದ ಸುಮಾರು ಎರಡೂವರೆ ಮೀಟರ್, ನಮಗೆ 5.2 ಸೆಂ.ಮೀ. ಸಾಕು. ಮಾಡಿಟ್ಟಾಗ ಇಷ್ಟೇನಾ ಎನ್ನಿಸುತ್ತದೆ, ಎನ್ನಿಸಬೇಕು. ನೂರು ಗಜದಲ್ಲಿ ಕ್ರೂಸರ್ ನಿಂತಿದ್ದಾಗ ವಾಟ್ ಬಳಿ ಇದ್ದುದೂ ಇಂಥದೊಂದು ಪುಟ್ಟ ತೋಪೇ.

ಕೀಳುವುದು

ಬಿಳಿ ಫೆವಿಕಾಲಿನಿಂದ ಅಂಟಿಸಿದ ಭಾಗಗಳ ಮೇಲೆ ಬಿಸಿನೀರಿನಲ್ಲಿ ಹಿಂಡಿದ ಬಟ್ಟೆಯನ್ನು ಹತ್ತು ನಿಮಿಷ ಸುತ್ತಿಡಿ. ಅಂಟು ಮೆತ್ತಗಾದ ಮೇಲೆ ತೆಳು ಬ್ಲೇಡನ್ನು ನಿಧಾನವಾಗಿ ತೂರಿಸಿ. ತಕ್ಷಣ ಹಿಡಿಯುವ ಅಂಟಾಗಿದ್ದರೆ ಉಗುರುಬಣ್ಣ ತೆಗೆಯುವ ಅಸಿಟೋನ್ ಹನಿಸಬೇಕು. ಅಸಿಟೋನ್ ವಾರ್ನಿಷನ್ನೂ ತಿನ್ನುತ್ತದೆ, ಬೆಂಕಿಯನ್ನೂ ಬೇಗ ಹಿಡಿಯುತ್ತದೆ. ಒಲೆಯಿಂದ ದೂರದಲ್ಲಿ, ಕಿಟಕಿ ತೆರೆದಿಟ್ಟು ಕೆಲಸ ಮಾಡಿ.

ತೆಗೆಯಬೇಕಾದದ್ದು ಹತ್ತಿಬಲೆಯ ರಾಶಿ, ಮೀನಿನ ಬುಟ್ಟಿಗಳು, ಮೂತಿಯ ಬಳಿ ಜಾಗ ತಿನ್ನುವ ಸಣ್ಣಪುಟ್ಟ ಸಾಮಾನು. ಇಷ್ಟೇ. ಬಲೆಯ ಹಗ್ಗ ಎಳೆಯುವ ಉಗಿಯ ರಾಟೆಯನ್ನು ಮುಟ್ಟಬೇಡಿ. ತಂತಿಬಲೆ ಎಳೆಯಲು ಅದು ಬೇಕೇ ಬೇಕು. ಹಿಂದಿನ ಕಂಬದ ಹಾಯಿಯೂ ಇರಲಿ. ಬಲೆ ಬಿಟ್ಟು ನಿಂತಾಗ ಹಡಗಿನ ಮೂತಿಯನ್ನು ಗಾಳಿಗೆ ಎದುರಾಗಿ ನಿಲ್ಲಿಸುವುದು ಆ ಹಾಯಿಯ ಕೆಲಸ. ಮೀನಿನ ಉಗ್ರಾಣದ ಮುಚ್ಚಳವೂ ಅಲ್ಲೇ ಇರಲಿ.

ಬೇಸಿಗೆಯಲ್ಲಿ ಈ ಕೆಲಸಕ್ಕೆ ಇಳಿದವರು ಹಲಗೆಗಳ ಸಂದನ್ನು ಗಮನಿಸಿ. ನಮ್ಮ ಮೇ ತಿಂಗಳ ಒಣಗಾಳಿಗೆ ಮರ ಕುಗ್ಗಿ ಸಂದು ಬಾಯಿ ಬಿಡುತ್ತದೆ. ಅದೇ ಮರದ ನುಣುಪು ಹೊಟ್ಟನ್ನು ಫೆವಿಕಾಲಿನಲ್ಲಿ ಕಲಸಿ ತುಂಬಿ, ಒಂದು ದಿನ ಬಿಟ್ಟು 220 ನಂಬರಿನ, ಆಮೇಲೆ 400 ನಂಬರಿನ ಉಪ್ಪುಕಾಗದದಿಂದ ಉಜ್ಜಿ.

ತೋಪು ಮತ್ತು ಅದರ ಕಟ್ಟೆ

ಸೈಕಲ್ ರಿಪೇರಿ ಅಂಗಡಿಗೆ ಹೋಗಿ ಮುರಿದ ಒಂದು ಕಡ್ಡಿಯನ್ನು ಅದರ ಹಿತ್ತಾಳೆ ನಿಪ್ಪಲ್ ಸಮೇತ ಕೇಳಿ ತನ್ನಿ. ಕಡ್ಡಿಯ ದಪ್ಪ 2 ಮಿ.ಮೀ., ಅದೇ ತೋಪಿನ ಕೊಳವೆ. ನಿಪ್ಪಲ್ ಅದಕ್ಕಿಂತ ದಪ್ಪ, ಅದು ಗುಂಡು ತುಂಬುವ ಹಿಂಬದಿ. ಎರಡನ್ನೂ ತಿರುಪಿ ಕೂಡಿಸಿದರೆ ತೋಪಿನ ಆಕಾರ ತಾನಾಗಿ ಮೂಡುತ್ತದೆ. ನಿಪ್ಪಲಿನ ತಲೆಯ ಮೇಲಿನ ಗೀರು ಕೂಡ ತೋಪಿನ ಬಾಗಿಲಿನಂತೆ ಕಾಣುತ್ತದೆ. ಒಟ್ಟು ಉದ್ದ 5.2 ಸೆಂ.ಮೀ.ಗೆ ಬರುವಂತೆ ಅರದಿಂದ ಕತ್ತರಿಸಿ. ನಿಪ್ಪಲಿನಿಂದ ಕಡ್ಡಿಗೆ ಒಮ್ಮೆಲೇ ಸಣ್ಣದಾಗುವುದನ್ನು ಮರೆಮಾಡಲು, ಉದ್ದನೆಯ ತ್ರಿಕೋನವಾಗಿ ಕತ್ತರಿಸಿದ ಕಾಗದದ ಪಟ್ಟಿಗೆ ಅಂಟು ಸವರಿ, ಅಗಲದ ತುದಿಯಿಂದ ಬಿಗಿಯಾಗಿ ಸುತ್ತಿ. ಬಾಯಿಗೆ ತೂತು ಕೊರೆಯುವ ಹಟ ಬೇಡ. ಸೂಜಿಮೊನೆಯಿಂದ ಇಟ್ಟ ಒಂದು ಕಪ್ಪು ಚುಕ್ಕೆ ಸಾಕು. ಮಂಕು ಕಪ್ಪು ಬಣ್ಣ ಹಚ್ಚಿ ಒಣಗಿದ ಮೇಲೆ ಪೆನ್ಸಿಲ್ ಸೀಸದ ಪುಡಿಯನ್ನು ಬೆರಳ ತುದಿಯಲ್ಲಿ ಉಜ್ಜಿದರೆ ಕಬ್ಬಿಣದ ಹೊಳಪು ಬರುತ್ತದೆ.

ತೋಪನ್ನು ನೇರವಾಗಿ ಡೆಕ್ ಮೇಲೆ ಕೂರಿಸಿದರೆ ಕೊಳವೆ ಅಂಚುಗೋಡೆಗೆ ತಾಗುತ್ತದೆ. ಅದಕ್ಕೆ ಕಟ್ಟೆ ಬೇಕು. ಎರಡು ಮಿ.ಮೀ. ಪ್ಲೈವುಡ್ಡಿನಲ್ಲಿ ಐದೂವರೆ ಸೆಂ.ಮೀ. ಅಗಲದ ವೃತ್ತ ಕತ್ತರಿಸಿ, ಬಿದಿರಿನ ಕಡ್ಡಿಗಳ ನಾಲ್ಕು ಕಾಲು ಕೊಡಿ. ಎತ್ತರವನ್ನು ಅಳತೆಪಟ್ಟಿಯಿಂದ ನಿಗದಿ ಮಾಡಬೇಡಿ. ತೋಪನ್ನು ಸುತ್ತಲೂ ತಿರುಗಿಸಿ, ಕೊಳವೆ ಎಲ್ಲೂ ತಾಗದಷ್ಟು ಎತ್ತರ ಇಟ್ಟುಕೊಳ್ಳಿ. ನಿಜವಾದ ಹಡಗಿನಲ್ಲಿ ಗುಂಡು ಹಾರಿದಾಗಿನ ಒದೆತ ತಾಳಲು ತೋಪಿನ ಕೆಳಗೆ ಕಂಬ ಕೊಟ್ಟು ಡೆಕ್ ಗಟ್ಟಿ ಮಾಡುತ್ತಿದ್ದರು. ನೀವೂ ಕಟ್ಟೆಯ ನಡುವೆ ತೂತು ಕೊರೆದು, ಒಂದು ಕಡ್ಡಿಯನ್ನು ಡೆಕ್ ದಾಟಿಸಿ ಹಡಗಿನ ತಳದ ಮರದವರೆಗೆ ಇಳಿಸಿ ಅಂಟಿಸಿ. ಮನೆಯಲ್ಲಿ ಮಕ್ಕಳಿದ್ದರೆ ಈ ಕಂಬದ ಬೆಲೆ ಬೇಗ ತಿಳಿಯುತ್ತದೆ.

ಹೊಸ ಬಲೆ, ಜೋಳದ ದಂಟು, ತೊಗರಿ ಕಟ್ಟಿಗೆ

ಈ ಹಡಗಿನ ಜೀವ ಬಲೆಯಲ್ಲಿದೆ. ಇದಕ್ಕೆ ಒಂದು ಭಾನುವಾರ ಪೂರ್ತಿ ಕೊಡಿ. ಜಲಾಂತರ್ಗಾಮಿಯ ಬಲೆಯ ಕಣ್ಣುಗಳು ಮನುಷ್ಯನಿಗಿಂತ ದೊಡ್ಡವು, ಆದ್ದರಿಂದ ಮಡಚಿಟ್ಟಾಗ ಅದು ಬಲೆಯಂತೆ ಕಾಣದೆ ತಂತಿಯ ಸಿಂಬಿಯಂತೆ ಕಾಣುತ್ತದೆ. ಮೋಟಾರು ರಿವೈಂಡಿಂಗ್ ಅಂಗಡಿಯಲ್ಲಿ ಬಿಸಾಡುವ ಕೂದಲೆಳೆಯಂಥ ತಾಮ್ರದ ತಂತಿ ಇದಕ್ಕೆ ಹೇಳಿ ಮಾಡಿಸಿದಂತಿದೆ. ಬೆರಳಿಗೆ ಸಡಿಲವಾಗಿ ಐವತ್ತು ಅರವತ್ತು ಸುತ್ತು ಸುತ್ತಿ, ತೆಗೆದು ಸ್ವಲ್ಪ ಅಮುಕಿ, ಕಬ್ಬಿಣದ ಬೂದು ಬಣ್ಣ ಬಳಿಯಿರಿ. ಇಂಥ ಐದಾರು ಸಿಂಬಿಗಳನ್ನು ಹಳೆಯ ಹತ್ತಿಬಲೆ ಇದ್ದ ಜಾಗದಲ್ಲೇ ಒಂದರ ಮೇಲೊಂದು ಒರಗಿಸಿಡಿ. ಬಲೆಯನ್ನು ತೇಲಿಸಲು ಗಾಜಿನ ಟೊಳ್ಳು ಗುಂಡುಗಳನ್ನು ಕಟ್ಟುತ್ತಿದ್ದರು. ಕಲಬುರಗಿ ಚೌಕದ ಬಳೆಯಂಗಡಿಗಳಲ್ಲಿ ಹಸಿರು ಗಾಜಿನ ಮಣಿ ಸಿಗುತ್ತದೆ, 6 ಮಿ.ಮೀ.ದು ಆರಿಸಿ, ಎರಡೆರಡನ್ನು ದಾರದ ಜಾಳಿಗೆಯಲ್ಲಿ ಬಿಗಿದು ತಂತಿಯ ನಡುವೆ ಸಿಕ್ಕಿಸಿ. ಬೂದು ಕಪ್ಪುಗಳ ನಡುವೆ ಆ ಹಸಿರು ಮಿನುಗಿದಾಗ ನೋಡುವವರ ಕಣ್ಣು ಅಲ್ಲಿಗೇ ಹೋಗುತ್ತದೆ.

ಹಿಂಭಾಗಕ್ಕೆ ಎರಡೋ ನಾಲ್ಕೋ ಡೆಪ್ತ್ ಚಾರ್ಜ್ ಡಬ್ಬಗಳು ಸಾಕು. ಇವು 1916ರಿಂದ ಬಳಕೆಗೆ ಬಂದ, ನೀರಿನಾಳದಲ್ಲಿ ಸಿಡಿಯುವ ಸ್ಫೋಟಕಗಳು. ಒಂಬತ್ತು ನಾಟ್ (ಗಂಟೆಗೆ ಸುಮಾರು 17 ಕಿ.ಮೀ.) ವೇಗದ ದೋಣಿ ಇದನ್ನು ಕೆಡವಿ ಓಡುವಷ್ಟರಲ್ಲಿ ತನ್ನದೇ ಸ್ಫೋಟಕ್ಕೆ ಸಿಲುಕುವ ಅಪಾಯವಿತ್ತು, ಆದ್ದರಿಂದ ನಿಧಾನದ ಹಡಗುಗಳಿಗೆಂದೇ ಕಡಿಮೆ ಮದ್ದಿನದನ್ನೂ ಮಾಡಿದರು. ದೊಡ್ಡ ಡಬ್ಬದ ವ್ಯಾಸ ಸುಮಾರು 45 ಸೆಂ.ಮೀ., ಉದ್ದ 70. ನಮಗೆ 9 ಮಿ.ಮೀ. ಮತ್ತು 15 ಮಿ.ಮೀ. ಇದಕ್ಕೆ ಜೋಳದ ದಂಟಿಗಿಂತ ಒಳ್ಳೆಯದು ಬೇರೆ ಇಲ್ಲ. ಚಿಕ್ಕಂದಿನಲ್ಲಿ ಸಿಪ್ಪೆ ಸುಲಿದು ಒಳಗಿನ ಬೆಂಡಿನಿಂದ ಎತ್ತು, ಬಂಡಿ ಮಾಡಿದವರಿಗೆ ಅದರ ಗುಣ ಗೊತ್ತು. ಗೆಣ್ಣುಗಳ ನಡುವಿನ ನೇರ ತುಂಡನ್ನು ಆರಿಸಿ, ನಾಲ್ಕು ದಿನ ಕಡುಬಿಸಿಲಿನಲ್ಲಿ ಒಣಗಿಸಿ, ಇಲ್ಲವಾದರೆ ಹುಳು ಬೀಳುತ್ತದೆ. ಸಿಪ್ಪೆ ತೆಗೆದು, ಹೊಸ ಬ್ಲೇಡಿನಿಂದ ಕತ್ತರಿಸಿ, ಒಂದು ಸುತ್ತು ತೆಳು ಕಾಗದ ಅಂಟಿಸಿದರೆ ತಗಡಿನ ಡಬ್ಬದಂತೆ ನುಣುಪಾಗುತ್ತದೆ. ಬೆಂಡು ಹಗುರ, ಮೇಲ್ಭಾಗದ ಭಾರ ಹೆಚ್ಚುವುದಿಲ್ಲ.

ಕಿಟ್‌ನ ಹಾಯಿಕಂಬ ಮುರಿದಿದ್ದರೆ ತೊಗರಿ ಕಟ್ಟಿಗೆ ಬಳಸಿ. ರಾಶಿ ಮುಗಿದ ಮೇಲೆ ಹೊಲದ ಬದುವಿನಲ್ಲಿ ಬೇಕಾದಷ್ಟು ಬಿದ್ದಿರುತ್ತದೆ. ಬುಡದಿಂದ ತುದಿಗೆ ಸಣ್ಣದಾಗುತ್ತಾ ಹೋಗುವುದು ಅದರ ಹುಟ್ಟುಗುಣ. ಕಂಬಕ್ಕೆ ಬೇಕಾದದ್ದೂ ಅದೇ. ನೆಟ್ಟಗಿರುವುದನ್ನು ಹುಡುಕಿ, ಒಡೆದ ಗಾಜಿನ ಅಂಚಿನಿಂದ ತೊಗಟೆ ಹೆರೆಯಿರಿ. ಕೈಗೆ ದಪ್ಪ ಬಟ್ಟೆ ಸುತ್ತಿಕೊಂಡಿರಿ.

ನೀರಿಗಿಳಿಸುವವರಿಗೆ ಒಂದು ಮಾತು. ತೋಪು, ಕಟ್ಟೆ, ತಂತಿ ಎಲ್ಲವೂ ಮೇಲೆಯೇ ಸೇರಿರುವುದರಿಂದ ಹಡಗು ಓಲಾಡುತ್ತದೆ. ಬಣ್ಣಕ್ಕೆ ಮೊದಲೇ ಬಕೆಟ್ಟಿನಲ್ಲೋ ಟಬ್ಬಿನಲ್ಲೋ ಬಿಟ್ಟು, ಸೈಕಲ್ ಬೇರಿಂಗಿನ ಗುಂಡುಗಳನ್ನು ತಳದಲ್ಲಿ ಸ್ವಲ್ಪ ಸ್ವಲ್ಪವೇ ಹಾಕುತ್ತಾ, ಬೆರಳಿನಿಂದ ಓಲಿಸಿದರೆ ತಾನೇ ನೆಟ್ಟಗಾಗುವವರೆಗೆ ನೋಡಿ ಅಂಟಿಸಿ. ಕಲಬುರಗಿಯ ಅಪ್ಪನ ಕೆರೆಯ ಮೆಟ್ಟಿಲಿನಿಂದ ಬಿಡುವ ಆಸೆ ಇದ್ದರೆ ಹಿಂದಕ್ಕೆ ಒಂದು ದಾರ ಕಟ್ಟಿರಿ.

ಬಣ್ಣ

ಸ್ಪ್ರೇ ಬಣ್ಣವನ್ನು ಬೆಳಗಿನ ಏಳರೊಳಗೆ ಮುಗಿಸಿ. ಬಿಸಿಲೇರಿದ ಮೇಲೆ ಹೊಡೆದರೆ ಹನಿಗಳು ಗಾಳಿಯಲ್ಲೇ ಒಣಗಿ ಮರಕ್ಕೆ ರವೆಯಂತೆ ಮೆತ್ತಿಕೊಳ್ಳುತ್ತವೆ.

ಬೂದು ಬಣ್ಣವನ್ನು ಮೊದಲು ಹೊಡೆಯಬೇಡಿ. ಹಡಗಿನ ಮೈಗೆ ಮೀನುದೋಣಿಯ ಕಪ್ಪು ಬಣ್ಣವನ್ನೇ ಹಚ್ಚಿ. ಮೂತಿಯ ಎರಡೂ ಬದಿಗೆ ಬಂದರಿನ ಅಕ್ಷರವನ್ನೂ ದೋಣಿಯ ಸಂಖ್ಯೆಯನ್ನೂ ಬಿಳಿಯಲ್ಲಿ ಬರೆಯಿರಿ. ಸ್ಕಾಟ್ಲೆಂಡಿನ ಫ್ರೇಜರ್‌ಬರೋ ಬಂದರಿಗೆ ಇಂಗ್ಲಿಷಿನ ಎಫ್ ಮತ್ತು ಆರ್, ಲೋಸ್ಟಾಫ್ಟ್‌ಗೆ ಎಲ್ ಮತ್ತು ಟಿ, ಯಾರ್ಮತ್‌ಗೆ ವೈ ಮತ್ತು ಎಚ್. ಪೂರ್ತಿ ಒಣಗಲು ಎರಡು ದಿನ ಬಿಡಿ. ಅದರ ಮೇಲೆ ನೀರಾಗಿ ಕಲಸಿದ ಬೂದು ಬಣ್ಣವನ್ನು ಒಂದೇ ಒಂದು ಪದರ ಬಳಿಯಿರಿ. ಹಳೆಯ ಅಕ್ಷರಗಳಿದ್ದ ಜಾಗದ ಪಕ್ಕಕ್ಕೆ ನೌಕಾಪಡೆಯ ಹೊಸ ಸಂಖ್ಯೆಯನ್ನು ಬರೆಯಿರಿ.

ಮರುದಿನ 800 ನಂಬರಿನ ಉಪ್ಪುಕಾಗದವನ್ನು ನೀರಿನಲ್ಲಿ ಅದ್ದಿ, ಹಳೆಯ ಅಕ್ಷರಗಳ ಮೇಲೆ ಮಾತ್ರ ಮೆಲ್ಲಗೆ ಉಜ್ಜಿ. ನಾಲ್ಕೈದು ಸಲ ಉಜ್ಜಿ, ಒರೆಸಿ, ಕಿಟಕಿಯ ಬೆಳಕಿಗೆ ಹಿಡಿದು ನೋಡಿ. ಬೂದಿನ ಕೆಳಗಿಂದ ಬಂದರಿನ ಹೆಸರು ಮಸುಕಾಗಿ ಓದುವಂತಾದೊಡನೆ ಕೈ ತೆಗೆಯಿರಿ.