ತಾಂಡಾ, ಕ್ಯಾಂಪಿನವರನ್ನು ಗುಡ್ಡದ ನಡಿಗೆಗೆ, ಕೆರೆ ಕೆಲಸಕ್ಕೆ ಸೇರಿಸಿಕೊಳ್ಳುವುದು ಹೇಗೆ

ಕೊಪ್ಪಳ, ರಾಯಚೂರು ಕಡೆ ಪರಂಪರೆ ನಡಿಗೆ ಎಂದರೆ ಪೇಟೆಯ ಮೇಷ್ಟ್ರು, ಕಾಲೇಜು ಹುಡುಗರು, ಕ್ಯಾಮೆರಾ ಹಿಡಿದ ನಾಲ್ಕು ಜನ. ತಾಂಡಾದ ಲಂಬಾಣಿಗರು, ಸಿಂಧನೂರಿನ ಆರ್‌.ಎಚ್‌. (ನಿರಾಶ್ರಿತರ ಪುನರ್ವಸತಿ) ಕ್ಯಾಂಪಿನ ಬಂಗಾಳಿಗಳು, ಬುರ್‍ರಕಥೆ ಹೇಳುವ ಬುಡ್ಗ ಜಂಗಮರು, ಪಿಂಜಾರರು ಕಾಣಿಸುವುದು ಅಪರೂಪ. ‘ಅವರಿಗೆ ಆಸಕ್ತಿ ಇಲ್ಲ’ ಎಂದು ಸಂಘಟಕರು ಕೈತೊಳೆದುಕೊಳ್ಳುತ್ತಾರೆ. ದಿನ, ದಾರಿ, ಊಟ ಎಲ್ಲ ಗೊತ್ತುಮಾಡಿ ಆಮೇಲೆ ಕರೆದರೆ ಯಾರು ಬರುತ್ತಾರೆ? ಗೊತ್ತುಮಾಡುವ ಮುಂಚೆಯೇ ಹೋಗಿ ಕೇಳಬೇಕು.

ಗಂಗಾವತಿ ಬಳಿ, ಪ್ರಾಚೀನ ಕಲ್ಲಿನ ಸಮಾಧಿಗಳಿರುವ ಹಿರೇಬೆಣಕಲ್ ಗುಡ್ಡದ ನಡಿಗೆಗೆ 30 ಜನ ಎಂದಿಟ್ಟುಕೊಳ್ಳಿ. ಆರು ವಾರ ಮುಂಚೆ ಒಂದು ಸಂಜೆ, ಕೂಲಿಯಿಂದ ಜನ ಮನೆಗೆ ಬಂದ ಮೇಲೆ ತಾಂಡಾಕ್ಕೆ ಹೋಗಿ. ಮೊದಲು ತಾಂಡಾದ ಮುಖಂಡರಾದ ನಾಯಕ, ಕಾರಭಾರಿಯನ್ನು ಕಾಣಿ. ಕೈಯಲ್ಲಿ ಕರಪತ್ರ ಬೇಡ, ಫೋಟೊ ಬೇಡ. ‘ಆ ಗುಡ್ಡಕ್ಕ ನೀವು ಯಾಕ ಹೋಗ್ತೀರಿ, ಅಲ್ಲಿ ಏನೈತ್ರಿ?’ ಎಂದು ಕೇಳಿ ಸುಮ್ಮನೆ ಕೂತರೆ ಸಾಕು. ದನ ಮೇಯಿಸುವ ಜಾಗ, ನೀರು ನಿಲ್ಲುವ ಗುಂಡಿ, ಕರಡಿ ಓಡಾಡುವ ಹಾದಿ ಎಲ್ಲ ಹೊರಬರುತ್ತದೆ. ನಾಯಕರು ಒಪ್ಪಿದರೆ ಹೆಂಗಸರು ಒಪ್ಪಿದಂತಲ್ಲ. ಮಹಿಳಾ ಸಂಘದ ಮೀಟಿಂಗ್ ದಿನ ಇನ್ನೊಮ್ಮೆ ಹೋಗಿ.

ದಿನ ಗೊತ್ತುಮಾಡುವುದರಲ್ಲೇ ಹೆಚ್ಚು ಜನ ಎಡವುತ್ತಾರೆ. ನಡೆಯಲು ಹಿತವಾದದ್ದು ನವೆಂಬರಿನಿಂದ ಫೆಬ್ರವರಿ. ಆದರೆ ದೀಪಾವಳಿ ಮುಗಿಯುತ್ತಿದ್ದಂತೆ ಅರ್ಧ ತಾಂಡಾ ಕಬ್ಬು ಕಡಿಯಲು, ಕಟ್ಟಡದ ಕೆಲಸಕ್ಕೆ ಗುಳೆ ಹೋಗಿರುತ್ತದೆ. ಫೆಬ್ರವರಿ 15ರ ಸೇವಾಲಾಲ್ ಜಯಂತಿಗೆ ಊರಿಗೆ ಬರುವವರಿರುತ್ತಾರೆ. ಅದರ ಹಿಂದೆ ಮುಂದೆ ಒಂದು ದಿನ ಹುಡುಕಿ, ಜಯಂತಿಯ ದಿನವೇ ಬೇಡ. ಮುಸ್ಲಿಮರೂ ಬರಬೇಕೆಂದರೆ ಶುಕ್ರವಾರ, ರಂಜಾನ್ ತಿಂಗಳು ಬಿಡಿ. ಬಂಗಾಳಿ ಕ್ಯಾಂಪಿನವರಿಗೆ ದುರ್ಗಾಪೂಜೆಯ ದಿನಗಳು ಆಗವು.

ಕೂಲಿಯವರಿಗೆ ಭಾನುವಾರ ರಜೆಯಲ್ಲ. ದಾರಿ ತೋರಿಸುವವರಿಗೆ, ಕಥೆ ಹೇಳುವವರಿಗೆ ಆ ದಿನದ ಕೂಲಿಗಿಂತ ಕಡಿಮೆಯಾಗದಂತೆ ಅಂದೇ ಕೈಗೆ ಕೊಡಿ. ‘ಬಿಲ್ ಪಾಸಾದ ಮೇಲೆ’ ಎಂದರೆ ಎರಡನೇ ಸಲ ಫೋನ್ ಎತ್ತುವುದಿಲ್ಲ. ಮಂಡಕ್ಕಿ ಒಗ್ಗರಣೆ-ಮಿರ್ಚಿಯ ಆರ್ಡರ್ ಗಂಗಾವತಿಯ ಹೋಟೆಲಿಗೆ ಬದಲು ತಾಂಡಾದ ಸಂಘಕ್ಕೆ ಕೊಟ್ಟರೆ ಆ ದುಡ್ಡೂ ಅಲ್ಲೇ ಉಳಿಯುತ್ತದೆ. ಕರೆಯೋಲೆ ಪುಸ್ತಕದ ಕನ್ನಡದ ಪೋಸ್ಟರ್ ಆಗುವುದು ಬೇಡ. ಅವರಲ್ಲೇ ಒಬ್ಬರು ಲಂಬಾಣಿಯಲ್ಲಿ, ಬಂಗಾಳಿಯಲ್ಲಿ ಮಾತಾಡಿದ ಅರ್ಧ ನಿಮಿಷದ ವಾಟ್ಸಾಪ್ ವಾಯ್ಸ್ ಸಾಕು.

ನೀರು ಒಬ್ಬರಿಗೆ 3 ಲೀಟರ್, ಅಂದರೆ 20 ಲೀಟರಿನ 5 ಕ್ಯಾನ್. ಕ್ಯಾನುಗಳು ಗುಡ್ಡದ ಬುಡದಲ್ಲೇ ಇರಲಿ, ಅವರವರ ಬಾಟಲಿ ಅವರವರೇ ತುಂಬಿಕೊಂಡು ಹತ್ತಲಿ. ಕ್ಯಾನ್ ಹೊರುವುದು ತಾಂಡಾದ ಹುಡುಗರ ಹೆಗಲಿಗೆ ಬಿತ್ತೋ, ಅವರು ಹಮಾಲಿಗೆ ಬಂದಂತಾಯಿತು. ಸೂರ್ಯ ಹುಟ್ಟಿದ ಮೇಲೆ ಹೊರಡಿ, ಚಿರತೆ, ಕರಡಿ ಇರುವ ಸೀಮೆ. ಅರಣ್ಯ ಇಲಾಖೆಗೆ ಮೊದಲೇ ತಿಳಿಸಿ. ಹೆಂಗಸರಿಗೆ ಶೌಚಾಲಯ ಎಲ್ಲಿ ಎಂಬುದು ಹತ್ತುವ ಮುಂಚೆ ಗೊತ್ತಿರಬೇಕು. ಇದೊಂದೇ ಕಾರಣಕ್ಕೆ ಬಾರದವರು ಬಹಳ.

ಗುಡ್ಡದ ಮೇಲೆ ಬೃಹತ್ ಶಿಲಾ ಸಂಸ್ಕೃತಿಯ ಸುಮಾರು 400 ಸಮಾಧಿ ರಚನೆಗಳಿವೆ. 2021ರಲ್ಲಿ ಈ ಜಾಗ ಯುನೆಸ್ಕೊ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಗೂ ಸೇರಿದೆ. ಇಷ್ಟನ್ನು ಐದು ನಿಮಿಷದಲ್ಲಿ ಹೇಳಿ ಮುಗಿಸಿ. ಉಳಿದದ್ದು ಅಲ್ಲಿ ಕುರಿ ಮೇಯಿಸುವವರ ಪಾಲು. ಸಮಾಧಿ ಚಪ್ಪಡಿಯ ದುಂಡು ಕಿಂಡಿಯಲ್ಲಿ ಮಕ್ಕಳು ನುಸುಳದಂತೆ, ಬಡಿದರೆ ಸದ್ದು ಮಾಡುವ ಬಂಡೆಯನ್ನು (ಕಲ್ಲಿನ ನಗಾರಿ) ಎಲ್ಲರೂ ಕಲ್ಲಿನಿಂದ ಬಡಿಯದಂತೆ ನೋಡಿಕೊಳ್ಳಿ. ಬಡಿದಷ್ಟೂ ಚಕ್ಕೆ ಏಳುತ್ತದೆ. ನಿಧಿಗಳ್ಳರು ಚಪ್ಪಡಿ ಬುಡ ಅಗೆದದ್ದು ಮೊದಲು ಕಣ್ಣಿಗೆ ಬೀಳುವುದು ಕುರಿಗಾಹಿಗಳಿಗೇ. ಯಾರಿಗೆ ಫೋನ್ ಮಾಡಬೇಕೆಂದು ಅವರಿಗೆ ಒಂದು ನಂಬರ್ ಕೊಟ್ಟಿಡಿ.

ಒಂದು ಮಾತು ಖಡಾಖಂಡಿತ: ಲಂಬಾಣಿ ಹೆಂಗಸರಿಗೆ ಫೇಟಿಯಾ, ಕಾಂಚಳಿ (ಅವರ ಸಾಂಪ್ರದಾಯಿಕ ಲಂಗ, ರವಿಕೆ) ತೊಡಿಸಿ ಅತಿಥಿಗಳ ಸ್ವಾಗತಕ್ಕೆ ಕುಣಿಸಬೇಡಿ. ಬುರ್‍ರಕಥೆ ಬೇಕೆಂದರೆ ಪೂರಾ ಹೊತ್ತು, ಪೂರಾ ಸಂಭಾವನೆ ಕೊಡಿ. ಬುರ್‍ರಕಥೆಯ ಹೆಸರಾಂತ ಕಲಾವಿದೆ ದರೋಜಿ ಈರಮ್ಮನವರ ಕಲೆಯನ್ನು ಭಾಷಣಗಳ ನಡುವಿನ ಐದು ನಿಮಿಷಕ್ಕೆ ತುರುಕುವುದು ಸಲ್ಲದು.

ಕೆರೆ ಕೆಲಸದ ಲೆಕ್ಕವೇ ಬೇರೆ. ಕೆರೆಯಂಗಳದ ಬಳ್ಳಾರಿ ಜಾಲಿ ಕಡಿಯೋಣ ಎಂದು ಎಲ್ಲರಿಗೂ ಹುರುಪು. ಆದರೆ ಬಡವರ ಒಲೆ ಉರಿಯುವುದು ಆ ಜಾಲಿಯಿಂದಲೇ. ಕೇಳದೆ ಕಡಿದು ಲಾರಿಗೆ ತುಂಬಿದರೆ ಮರುದಿನವೇ ಜಗಳ. ಕಡಿದವರಿಗೇ ಸೌದೆ ಎಂದು ಗ್ರಾಮ ಪಂಚಾಯ್ತಿಯಲ್ಲಿ ಮೊದಲೇ ಬರೆಸಿಕೊಳ್ಳಿ. ನೆಲಮಟ್ಟಕ್ಕೆ ಕಡಿದರೆ ಒಂದು ಮಳೆಗೆ ನಾಲ್ಕು ಪಟ್ಟು ಚಿಗುರುತ್ತದೆ. ಬುಡದ ಸುತ್ತ ಒಂದಡಿ ಅಗೆದು ಬೇರಿನ ಗಡ್ಡೆ ಕೀಳಬೇಕು. ಕೊಂಬೆಯಲ್ಲಿ ಕೊಕ್ಕರೆ ಗೂಡಿದ್ದರೆ ಮರಿ ಹಾರಿಹೋಗುವ ತನಕ ಆ ಮರ ಮುಟ್ಟಬೇಡಿ.

ಎಂಟು ದಿನದೊಳಗೆ ಫೋಟೊಗಳನ್ನು ಪ್ರಿಂಟ್ ಹಾಕಿಸಿ ಮನೆಮನೆಗೆ ಕೊಟ್ಟು ಬನ್ನಿ. ಏನು ಸರಿಬರಲಿಲ್ಲ ಎಂದು ಆಗಲೇ ಕೇಳಿ. ಮೊದಲ ಸಲ ಎಷ್ಟು ಜನ ಬಂದರು ಎಂಬುದಕ್ಕಿಂತ ಎರಡನೇ ಸಲ ಅವರಲ್ಲಿ ಎಷ್ಟು ಜನ ತಿರುಗಿ ಬಂದರು ಎಂಬುದನ್ನು ಬರೆದಿಡಿ. ಮೂರನೆಯದರ ಹೊತ್ತಿಗೆ ಖರ್ಚಿನ ಲೆಕ್ಕಕ್ಕೆ ಸಹಿ ಹಾಕುವವರಲ್ಲಿ ಇಬ್ಬರಾದರೂ ತಾಂಡಾ, ಕ್ಯಾಂಪಿನವರಿರಲಿ, ಅದರಲ್ಲಿ ಒಬ್ಬರು ಹೆಣ್ಣುಮಗಳು.